ಹೆಸರು ಹಾಕಿ: ರಷ್ಯನ್ ಮಕ್ಕಳ ಪುಸ್ತಕಗಳ ಪ್ರಕಾಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಕಾಶಕರೇ, ಸಂಪಾದಕರೇ,

ಹಳೆಯ ರಷ್ಯನ್ ಮಕ್ಕಳ ಕಥೆಗಳನ್ನು ನೀವು ಮತ್ತೆ ಕನ್ನಡದಲ್ಲಿ ತರುತ್ತಿದ್ದೀರಿ. ಅದಕ್ಕೆ ಮೊದಲು ನಮಸ್ಕಾರ. ಈಚೆಗೆ ಕೈಗೆ ಸಿಕ್ಕ ಅಂಥದ್ದೊಂದು ಪುಸ್ತಕ ನೋಡಿದ ಮೇಲೆ ಈ ಪತ್ರ ಬರೆಯಬೇಕು ಅನ್ನಿಸಿತು. ಯಾರ ಪ್ರಕಟಣೆ ಅಂತ ಹೇಳುವುದಿಲ್ಲ, ಬೇರೆಯವರದ್ದೂ ಸುಮಾರು ಹಾಗೇ ಇದೆ. ಮುಖಪುಟದಲ್ಲಿ ‘ರಷ್ಯಾದ ಮಕ್ಕಳ ಕಥೆಗಳು’ ಅಂತಿದೆ. ಒಳಗೆ ಕನ್ನಡಕ್ಕೆ ತಂದವರ ಹೆಸರಿದೆ. ಮುನ್ನುಡಿ ಬರೆದವರ ಹೆಸರಿದೆ. ಪುಟವಿನ್ಯಾಸ ಮಾಡಿದವರು, ಅಚ್ಚು ಹಾಕಿದ ಪ್ರೆಸ್ಸು, ಎಲ್ಲರ ಹೆಸರೂ ಇದೆ. ಕಥೆ ಬರೆದವರ ಹೆಸರು ಮಾತ್ರ ಇಲ್ಲ. ಚಿತ್ರ ಬರೆದವರ ಹೆಸರೂ ಇಲ್ಲ. ಯಾವ ಕಾಲದ್ದು ಅಂತಲೂ ಇಲ್ಲ.

ಮಗು ಏನು ಹೆಸರು ನೋಡಿ ಓದುತ್ತಾ ಅಂತ ನೀವು ಕೇಳಬಹುದು. ಓದದೆ ಇರಬಹುದು. ಆದರೆ ಈ ಪುಸ್ತಕಗಳ ಮಟ್ಟಿಗೆ ಹೆಸರು ಬಿಡುವುದು ಸಣ್ಣ ಮರೆವಲ್ಲ. ಇದನ್ನೆಲ್ಲ ಮಾಡಿದವರಲ್ಲಿ ಹಲವರ ಹೆಸರನ್ನು ಅವರ ಸರ್ಕಾರವೇ ಒಮ್ಮೆ ಅಳಿಸಿ ಹಾಕಿತ್ತು. ಕೆಲವರನ್ನು ಕೊಂದಿತ್ತು. ಆ ಸರ್ಕಾರ ಹೆದರಿಸಿ ಮಾಡಿದ ಕೆಲಸವನ್ನು ನಾವು ಅರ್ಧ ಪುಟ ಉಳಿಸುವುದಕ್ಕೆ ಮಾಡುತ್ತಿದ್ದೇವೆ.

ನೀವು ಜಾಸ್ತಿ ಬಳಸುವ ಚಿತ್ರಗಳಿಂದಲೇ ಶುರು ಮಾಡುತ್ತೇನೆ. ಕತ್ತಲ ಕಾಡಲ್ಲಿ ಒಬ್ಬ ಹುಡುಗಿ. ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೆ ಕಣ್ಣು ಉರಿಯುವ ತಲೆಬುರುಡೆ. ಇನ್ನೊಂದರಲ್ಲಿ ಒರಳಿನಲ್ಲಿ ಕೂತು ಹಾರುವ ಮಾಟಗಾತಿ ಮುದುಕಿ ಬಾಬಾ ಯಗಾ. ದಪ್ಪ ಕಪ್ಪು ಗೆರೆ, ಗೆರೆಯ ಒಳಗೆ ನೆರಳಿಲ್ಲದ ಚಪ್ಪಟೆ ಬಣ್ಣ, ಸುತ್ತ ಸೀರೆಯಂಚಿನ ಹಾಗೆ ತುಂಬಿದ ಅಂಚು. ಇವು ಇವಾನ್ ಬಿಲಿಬಿನ್ ಬರೆದ ಚಿತ್ರಗಳು. 1901ರಿಂದ 1903ರವರೆಗೆ ಆರು ಜನಪದ ಕಥೆಗಳಿಗೆ ಅವನು ಚಿತ್ರ ಬರೆದ. ಅಚ್ಚು ಹಾಕಿದ್ದು ಯಾರು ಗೊತ್ತಾ? ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಷ್ಯನ್ ಸಾಮ್ರಾಜ್ಯದ ನೋಟು ಅಚ್ಚು ಹಾಕುತ್ತಿದ್ದ ಸರ್ಕಾರಿ ಮುದ್ರಣಾಲಯ. ಗೆರೆ ಅಷ್ಟು ಚೊಕ್ಕ ಬಂದದ್ದರಲ್ಲಿ ಆಶ್ಚರ್ಯವಿಲ್ಲ. 1902ರಿಂದ 1904ರ ನಡುವೆ ಬಿಲಿಬಿನ್ ಉತ್ತರದ ವೊಲೊಗ್ದಾ, ಅರ್ಖಾಂಗೆಲ್ಸ್ಕ್ ಸೀಮೆಗಳಲ್ಲಿ ತಿರುಗಾಡಿ ಮರದ ಮನೆಗಳ ಕೆತ್ತನೆ, ಹೆಂಗಸರ ಕಸೂತಿ, ಹಳೇ ಉಡುಪುಗಳನ್ನು ಕಣ್ಣಾರೆ ನೋಡಿ ಬಂದ. ಆ ಅಂಚುಗಳು ಸುಮ್ನೆ ಅಲಂಕಾರಕ್ಕೆ ಎಳೆದ ಗೆರೆಗಳಲ್ಲ.

ಕ್ರಾಂತಿಯಾದ ಮೇಲೆ ಬಿಲಿಬಿನ್ ದೇಶ ಬಿಟ್ಟ. ಈಜಿಪ್ಟ್‌ನಲ್ಲಿದ್ದ, ಪ್ಯಾರಿಸ್‌ನಲ್ಲಿದ್ದ. 1936ರಲ್ಲಿ ವಾಪಸು ಲೆನಿನ್‌ಗ್ರಾಡ್‌ಗೆ, ಅಂದರೆ ಹೆಸರು ಬದಲಾದ ಅದೇ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದ. ಜರ್ಮನ್ ಸೇನೆ ಊರಿಗೆ ಮುತ್ತಿಗೆ ಹಾಕಿ ಕೂತಿದ್ದಾಗ, 1942ರ ಫೆಬ್ರವರಿ 7ರಂದು ಹಸಿವಿನಿಂದ ಸತ್ತ. ಅವನ ಚಿತ್ರ ಇವತ್ತು ಬೆಂಗಳೂರಿನ ಮಗುವಿನ ಕೈಯಲ್ಲಿದೆ. ಹೆಸರಿಲ್ಲ.

ಕಥೆಗಳಿಗೂ ಇದೇ ಗತಿ. ‘ಜನಪದ’ ಅಂದುಬಿಟ್ಟರೆ ಮುಗಿಯಿತು ಅನ್ನುವುದು ನಮ್ಮ ಲೆಕ್ಕ. ಆ ಕಥೆಗಳಲ್ಲಿ ಬಹುಪಾಲು ನಮಗೆ ಸಿಗುವುದು ಅಲೆಕ್ಸಾಂದ್ರ್ ಅಫನಾಸ್ಯೆವ್ ಎಂಬ ಮನುಷ್ಯ 1855ರಿಂದ 1863ರ ನಡುವೆ ಎಂಟು ಸಂಚಿಕೆಗಳಲ್ಲಿ ಹೊರತಂದ ಸಂಗ್ರಹದಿಂದ. ಸುಮಾರು 600 ಕಥೆಗಳು. ಆತ ಕೆಲಸ ಕಳೆದುಕೊಂಡು, ಬಡತನದಲ್ಲಿ ತೀರಿಕೊಂಡ. ಒಂದು ಸಾಲು ಹಾಕೋಕೆ ಆಗಲ್ವಾ?

ಇನ್ನು ಊರು, ನಾಡು. ಚಳಿಗಾಲದ ಕಾಡಿನಲ್ಲಿ ಮುದುಕನೊಬ್ಬ ಕೈಗವಸು ಬೀಳಿಸಿಕೊಳ್ಳುತ್ತಾನೆ. ಇಲಿ, ಕಪ್ಪೆ, ಮೊಲ, ನರಿ, ತೋಳ, ಕಾಡುಹಂದಿ, ಕರಡಿ ಎಲ್ಲ ಒಂದೊಂದಾಗಿ ಬಂದು ಅದರೊಳಗೆ ಸೇರಿಕೊಳ್ಳುತ್ತವೆ. ಎಷ್ಟು ಚಂದದ ಕಥೆ! ಅದು ಉಕ್ರೇನಿನ ಜನಪದ ಕಥೆ. ಎವ್ಗೆನಿ ರಾಚೆವ್ ಅದಕ್ಕೆ ಬರೆದ ಚಿತ್ರಗಳಲ್ಲಿ ಪ್ರಾಣಿಗಳು ಹಳ್ಳಿಯವರ ಉಡುಪು ತೊಟ್ಟು ನಿಂತಿವೆ. ಮಾಸ್ಕೋದಿಂದ ಬಂತು ಅನ್ನುವ ಒಂದೇ ಕಾರಣಕ್ಕೆ ನಾವು ಇಂಥ ಕಥೆಗಳಿಗೆಲ್ಲ ‘ರಷ್ಯನ್’ ಅಂತ ಮೊಹರು ಒತ್ತಿದೆವು. ‘ಏನೂ ಗೊತ್ತಿಲ್ಲದ’ ಪುಟ್ಟ ನೆಜ್ನಾಯ್ಕಾನ ಕಥೆಗಳಿಂದ ಮಕ್ಕಳನ್ನು ನಗಿಸಿದ ನಿಕೊಲಾಯ್ ನೋಸೊವ್ ಬರೆದದ್ದು ರಷ್ಯನ್ನಿನಲ್ಲಿ, ಹುಟ್ಟಿದ್ದು ಕೀವ್‌ನಲ್ಲಿ. ಈಗ ಆ ಎರಡು ದೇಶಗಳ ನಡುವೆ ನಡೆಯುತ್ತಿರುವುದನ್ನು ನೋಡಿದರೆ, ಯಾರದ್ದು ಯಾರದ್ದು ಅಂತ ಸರಿಯಾಗಿ ಬರೆಯುವುದು ಕನಿಷ್ಠ ಮರ್ಯಾದೆ.

ಮಾಸ್ಕೋದ ಪ್ರಗತಿ, ರಾದುಗಾ ಪ್ರಕಾಶನಗಳ ಪುಸ್ತಕಗಳು ನವಕರ್ನಾಟಕದಂಥ ಮಳಿಗೆಗಳ ಮೂಲಕ ನಮ್ಮ ಕಡೆಗೆ ಬಂದವು. ಅಗ್ಗದ ಬೆಲೆ, ಗಟ್ಟಿ ಕಾಗದ, ಬಣ್ಣದ ಚಿತ್ರ. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, ಪುಸ್ತಕ ಬರುವುದೂ ನಿಂತಿತು. ಆ ಪುಸ್ತಕಗಳನ್ನು ನೋಡಿ ಬೆಳೆದ ನಮಗೆ ಅವುಗಳ ಬಗ್ಗೆ ಒಂದು ಮೋಹ ಇದೆ, ನಿಜ. ನಿಮ್ಮ ಮುನ್ನುಡಿಗಳಲ್ಲೂ ಅದೇ ಮೋಹ. ‘ಆ ಕಾಲದ ನಿಷ್ಕಪಟ ಕಥೆಗಳು’ ಅಂತ ಬರೆಯುತ್ತೀರಿ. ಕಥೆಯೇನೋ ನಿಷ್ಕಪಟ. ಕಾಲ ಹಾಗಿರಲಿಲ್ಲ.

ಮಕ್ಕಳ ಕವಿ ಕೊರ್ನೆಯ್ ಚುಕೋವ್ಸ್ಕಿಯ ವಿಷಯ ತೆಗೆದುಕೊಳ್ಳಿ. ಅವನ ಮಗನಿಗೆ ಹುಷಾರಿರಲಿಲ್ಲ. ರೈಲಿನಲ್ಲಿ ಕರೆದುಕೊಂಡು ಬರುತ್ತಿದ್ದ. ಹುಡುಗ ನರಳುತ್ತಿದ್ದ. ಸುಮ್ಮನಿರಿಸುವುದಕ್ಕೆ ಅಪ್ಪ ರೈಲಿನ ಗಾಲಿಯ ಸದ್ದಿನ ತಾಳಕ್ಕೇ ಪದ ಕಟ್ಟಿ ಹೇಳಿದ: ಒಂದಾನೊಂದು ಕಾಲದಲ್ಲಿ ಒಂದು ಮೊಸಳೆ, ಬೀದಿಬೀದಿ ಸುತ್ತುತ್ತಿತ್ತು, ಸಿಗರೇಟು ಸೇದುತ್ತಿತ್ತು, ತುರ್ಕಿ ಭಾಷೆ ಮಾತಾಡುತ್ತಿತ್ತು. ಅದು ಪೊಲೀಸನನ್ನು ನುಂಗುತ್ತದೆ. ವಾನ್ಯಾ ಎಂಬ ಪುಟ್ಟ ಹುಡುಗ ಆಟಿಕೆಯ ಕತ್ತಿ ಹಿಡಿದು ಅದನ್ನು ಎದುರಿಸುತ್ತಾನೆ. ಆ ಪದ್ಯ 1917ರಲ್ಲಿ ಪತ್ರಿಕೆಯಲ್ಲಿ ಬಂತು. ಅದಕ್ಕೆ ಮೊದಲು ರಷ್ಯಾದಲ್ಲಿ ಮಕ್ಕಳ ಪದ್ಯ ಅಂದರೆ ಹೆಚ್ಚಾಗಿ ದೇವರು, ಹೂವು, ಒಳ್ಳೆಯ ಬುದ್ಧಿ. ಇಲ್ಲಿ ಪಟ್ಟಣದ ಗದ್ದಲವೇ ಇತ್ತು.

ಮಕ್ಕಳು ಕುಣಿದರು. ದೊಡ್ಡವರು ಸಭೆ ಸೇರಿದರು.

1920ರ ದಶಕದಲ್ಲಿ ಸೋವಿಯತ್ ಶಿಕ್ಷಣತಜ್ಞರಲ್ಲಿ ಒಂದು ಗುಂಪು ಕಾಲ್ಪನಿಕ ಕಥೆಯೇ ಮಕ್ಕಳಿಗೆ ಬೇಡ ಅನ್ನುತ್ತಿತ್ತು. ಪ್ರಾಣಿ ಮಾತಾಡುವುದು ಸುಳ್ಳು, ಮಗುವಿಗೆ ಟ್ರ್ಯಾಕ್ಟರ್ ತೋರಿಸಿ, ಕಾರ್ಖಾನೆ ತೋರಿಸಿ. ಇಂಥವರ ಕೈಗೆ ಸಿಕ್ಕ ಪುಸ್ತಕಗಳ ಪಾಡು ನೋಡಿ. ಮುಖ ತೊಳೆಯದ ಹುಡುಗನನ್ನು ನೀರಿನ ತೊಟ್ಟಿಯೇ ಎದ್ದು ಬೈಯುವ, ಚುಕೋವ್ಸ್ಕಿಯದೇ ‘ಮೊಯ್ದೊದೀರ್’ ಪದ್ಯದಲ್ಲಿ, ಕೊಳಕು ಚಿಮಣಿ ಗುಡಿಸುವವನಿಗೆ ನಾಚಿಕೆಯಾಗಬೇಕು ಅಂತ ಒಂದು ಮಾತು ಬರುತ್ತದೆ. ಚಿಮಣಿ ಗುಡಿಸುವ ಕಾರ್ಮಿಕರಿಗೆ ಇದು ಅವಮಾನ ಅಂತ ಆಕ್ಷೇಪ ಬಂತು. ನೊಣ ಮತ್ತು ಸೊಳ್ಳೆಯ ಮದುವೆಯ ಅವನ ಪದ್ಯಕ್ಕೆ ಇನ್ನೊಂದು. ಸೊಳ್ಳೆ ಅಂದರೆ ವೇಷ ಮರೆಸಿಕೊಂಡ ರಾಜಕುಮಾರ, ನೊಣ ಅಂದರೆ ರಾಜಕುಮಾರಿ ಅಂತ 1925ರಲ್ಲಿ ಸೆನ್ಸಾರ್ ಕಚೇರಿಯಲ್ಲಿ ಹೇಳಿದರು. ಹಾಗಿದ್ದರೆ ನನ್ನ ಮೊಸಳೆಯನ್ನು ಬ್ರಿಟಿಷ್ ಮಂತ್ರಿ ಚೇಂಬರ್ಲಿನ್ ಅಂತಲೂ ಅನ್ನಬಹುದಲ್ಲ ಎಂದು ಚುಕೋವ್ಸ್ಕಿ ಗೊಣಗಿದ. ಚಿತ್ರದಲ್ಲಿ ಸೊಳ್ಳೆ ನೊಣಕ್ಕೆ ತೀರಾ ಹತ್ತಿರ ನಿಂತಿದೆ ಅನ್ನುವುದೂ ತಕರಾರಾಯಿತು. ಓದಿದರೆ ನಗು ಬರುತ್ತದೆ. ಆಗ ನಗುವ ಹಾಗಿರಲಿಲ್ಲ.

1928ರ ಫೆಬ್ರವರಿ 1ರಂದು ಕಮ್ಯುನಿಸ್ಟ್ ಪಕ್ಷದ ‘ಪ್ರಾವ್ದಾ’ ಪತ್ರಿಕೆಯಲ್ಲಿ ಮೊಸಳೆ ಪದ್ಯದ ಮೇಲೆ ಲೇಖನ ಬಂತು. ಬರೆದದ್ದು ನದೇಝ್ದಾ ಕ್ರುಪ್‌ಸ್ಕಯಾ. ಲೆನಿನ್ ಹೆಂಡತಿ, ಶಿಕ್ಷಣ ಖಾತೆಯಲ್ಲಿ ದೊಡ್ಡ ಸ್ಥಾನದಲ್ಲಿದ್ದವಳು. ಇದು ಬೂರ್ಜ್ವಾ ಕೊಳಕು, ಮಕ್ಕಳ ಕೈಗೆ ಕೊಡಬೇಡಿ ಎಂದಳು. ಮುಂದಿನ ತಿಂಗಳು ಲೇಖಕ ಮ್ಯಾಕ್ಸಿಂ ಗೋರ್ಕಿ ಅದೇ ಪತ್ರಿಕೆಗೆ ಪತ್ರ ಬರೆದು ಚುಕೋವ್ಸ್ಕಿಯ ಪರ ನಿಂತ. ಆದರೂ ಅಷ್ಟೊತ್ತಿಗೆ ಎಲ್ಲರಿಗೂ ಸೂಚನೆ ತಲುಪಿತ್ತು. 1929ರ ಕೊನೆಗೆ ಚುಕೋವ್ಸ್ಕಿ ಸೋತ. ತನ್ನ ಹಳೆಯ ಕಥೆಗಳನ್ನು ಬಿಟ್ಟುಬಿಟ್ಟೆ, ಇನ್ನು ಮೇಲೆ ಸಾಮೂಹಿಕ ಬೇಸಾಯದ ಬಗ್ಗೆ ಮಕ್ಕಳಿಗೆ ಬರೆಯುತ್ತೇನೆ ಎಂಬ ಹೇಳಿಕೆ ಪತ್ರಿಕೆಯಲ್ಲಿ ಬಂತು. ಆ ಪುಸ್ತಕವನ್ನು ಅವನು ಬರೆಯಲಿಲ್ಲ. ಆ ಸಮಯಕ್ಕೇ ಕಿರಿಯ ಮಗಳು ಮೂರಾಗೆ ಕ್ಷಯ ಹಿಡಿಯಿತು. ಅಪ್ಪನ ಎಷ್ಟೋ ಪದ್ಯಗಳಲ್ಲಿ ಹೆಸರಾಗಿ ಬರುವ ಮಗು ಅದು. 1931ರ ನವೆಂಬರಿನಲ್ಲಿ ಕ್ರಿಮಿಯಾದ ಅಲುಪ್ಕಾದಲ್ಲಿ ತೀರಿಕೊಂಡಿತು. ಹನ್ನೊಂದು ವರ್ಷ.

ಈ ಮನುಷ್ಯ ಸುಮ್ಮನೆ ತಮಾಷೆಗೆ ಬರೆಯುತ್ತಿದ್ದವನಲ್ಲ. ‘ಎರಡರಿಂದ ಐದರವರೆಗೆ’ ಎಂಬ ಅವನ ಪುಸ್ತಕದಲ್ಲಿ ಒಂದು ಪ್ರಸಂಗ ಇದೆ. ಎರಡು ವರ್ಷವೂ ತುಂಬದ ಮಗಳು ಒಂದು ದಿನ ಅವನ ಕೋಣೆಗೆ ಬಂದು, ಮುಖದಲ್ಲಿ ತುಂಟತನ ಇಟ್ಟುಕೊಂಡು, ‘ಅಪ್ಪಾ, ನಾಯಿ ಮಿಯಾಂವ್’ ಅಂದಳು. ನಾಯಿ ಮಿಯಾಂವ್ ಅನ್ನುವುದಿಲ್ಲ ಅಂತ ಅವಳಿಗೆ ಗೊತ್ತು. ಗೊತ್ತಿದೆ ಅಂತಲೇ ನಗು. ಅಪ್ಪನೂ ಸೇರಿಕೊಂಡು ‘ಕೋಳಿ ಬೌ ಬೌ’ ಅಂದ. ಚುಕೋವ್ಸ್ಕಿ ಅದರಿಂದ ಹೇಳುವುದು ಇಷ್ಟು: ಮಗು ಲೋಕವನ್ನು ತಲೆಕೆಳಗು ಮಾಡಿ ಆಡುವುದು, ನೆಟ್ಟಗೆ ಇರುವುದು ಹೇಗೆ ಅಂತ ಅದಕ್ಕೆ ಖಾತ್ರಿಯಾದ ಮೇಲೆ. ಅಸಂಬದ್ಧ ಪದ್ಯ ಮಗುವಿನ ಬುದ್ಧಿ ಕೆಡಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿರುವ ಯಾರಿಗೂ ಇದಕ್ಕೆ ಬೇರೆ ಸಾಕ್ಷಿ ಬೇಡ.

ಇಂಥ ಪುಸ್ತಕಗಳು ಕನ್ನಡದಲ್ಲಿ ಯಾಕೆ ಅಪರೂಪ? ಇಲ್ಲಿ ನಿಮ್ಮ ಆಯ್ಕೆಯ ಬಗ್ಗೆ ಒಂದು ಮಾತು. ನೀವು ಮತ್ತೆ ಮತ್ತೆ ತರುವುದು ಟಾಲ್‌ಸ್ಟಾಯ್ ಮಕ್ಕಳ ಕಥೆಗಳನ್ನು. ತಪ್ಪೇನಿಲ್ಲ. ಯಾಸ್ನಯಾ ಪೊಲ್ಯಾನಾದಲ್ಲಿ ರೈತರ ಮಕ್ಕಳಿಗೆ ಶಾಲೆ ನಡೆಸಿದವನು ಅವನು, 1872ರಲ್ಲಿ ಆ ಮಕ್ಕಳಿಗೆಂದೇ ಓದುಬರಹದ ಪುಸ್ತಕ ಬರೆದವನು. ಪ್ಲಮ್ ಹಣ್ಣಿನ ಬೀಜದ ಕಥೆ ನಿಮಗೆ ಗೊತ್ತೇ ಇದೆ. ವಾನ್ಯಾ ಕದ್ದು ಒಂದು ಹಣ್ಣು ತಿಂದಿದ್ದಾನೆ. ಯಾರೂ ಒಪ್ಪಿಕೊಳ್ಳುವುದಿಲ್ಲ. ಬೀಜ ನುಂಗಿದವರು ಸತ್ತುಹೋಗುತ್ತಾರೆ, ಅದಕ್ಕೇ ನನಗೆ ಭಯ ಅನ್ನುತ್ತಾನೆ ಅಪ್ಪ. ವಾನ್ಯಾ ಬಿಳಿಚಿಕೊಂಡು, ‘ಇಲ್ಲ, ಬೀಜ ಕಿಟಕಿಯಿಂದ ಎಸೆದೆ’ ಅಂದುಬಿಡುತ್ತಾನೆ. ಎಲ್ಲರೂ ನಕ್ಕರು, ವಾನ್ಯಾ ಅತ್ತ. ಟಾಲ್‌ಸ್ಟಾಯ್ ಅಲ್ಲಿಗೆ ನಿಲ್ಲಿಸುತ್ತಾನೆ. ನಮ್ಮಲ್ಲಿ ಮಾತ್ರ ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ನೀತಿ: ಸುಳ್ಳು ಹೇಳಬಾರದು’ ಅಂತ ಒಂದು ಸಾಲು ಅಂಟಿಸಿರುತ್ತಾರೆ. ಅವನು ಬರೆಯದ ಸಾಲನ್ನು ಸೇರಿಸುವುದಕ್ಕೆ ಜಾಗ ಇದೆ, ಅವನ ಹೆಸರಿಗೆ ಇಲ್ಲ!

ಈಗ ಲೆನಿನ್‌ಗ್ರಾಡ್‌ಗೆ ಹೋಗೋಣ. ನೆವ್‌ಸ್ಕಿ ರಸ್ತೆಯಲ್ಲಿ ತಲೆಯ ಮೇಲೆ ಗಾಜಿನ ಗೋಳ ಹೊತ್ತ ಒಂದು ಕಟ್ಟಡ ಇದೆ. ಕಟ್ಟಿಸಿದ್ದು ನಮ್ಮ ಅಜ್ಜಿಯರ ಹೊಲಿಗೆ ಯಂತ್ರದ ಅದೇ ಸಿಂಗರ್ ಕಂಪನಿ. ಕ್ರಾಂತಿಯ ನಂತರ ಅದು ಸರ್ಕಾರಿ ಪುಸ್ತಕ ಪ್ರಕಾಶನದ ಮನೆಯಾಯಿತು. ಅದರ ಮೇಲಿನ ಮಹಡಿಯಲ್ಲಿ ಮಕ್ಕಳ ಪುಸ್ತಕಗಳ ಸಂಪಾದಕರು ಕೂರುತ್ತಿದ್ದರು. ಮುಖ್ಯಸ್ಥ ಕವಿ ಸಮುಯಿಲ್ ಮಾರ್ಷಾಕ್. ಚಿತ್ರಗಳ ಉಸ್ತುವಾರಿ ವ್ಲಾದಿಮಿರ್ ಲೆಬೆದೆವ್.

ಮಾರ್ಷಾಕನ ಪದ್ಧತಿ ವಿಚಿತ್ರವಾಗಿತ್ತು. ಮಕ್ಕಳ ಸಾಹಿತಿಗಳನ್ನು ಹುಡುಕುವ ಬದಲು, ಹೇಳಿಕೊಳ್ಳುವುದಕ್ಕೆ ಏನಾದರೂ ಇರುವ ಜನರನ್ನು ಹಿಡಿದು ತರುತ್ತಿದ್ದ. ಬೊರಿಸ್ ಝಿತ್ಕೊವ್ ಎಂಬವನು ಹಡಗಿನಲ್ಲಿ ದುಡಿದವನು, ರಸಾಯನ ಶಾಸ್ತ್ರ ಓದಿದವನು, ಎಂಜಿನಿಯರ್. ಒಡೆಸ್ಸಾದಲ್ಲಿ ಚುಕೋವ್ಸ್ಕಿಯ ಶಾಲೆಯ ಗೆಳೆಯ. ನಲವತ್ತು ದಾಟಿದ ಮೇಲೆ ಕೆಲಸ ಹುಡುಕಿಕೊಂಡು ಬಂದಾಗ, ಕಥೆ ಬರಿ ಅಂದರು. ದೇಶದ ಅತ್ಯುತ್ತಮ ಮಕ್ಕಳ ಲೇಖಕರಲ್ಲಿ ಒಬ್ಬನಾದ. ಕಾಡುಪ್ರಾಣಿಗಳನ್ನು ಬಲ್ಲ ವಿತಾಲಿ ಬಿಯಾಂಕಿ ಹಾಗೇ ಬಂದ. 1934ರ ಸೋವಿಯತ್ ಲೇಖಕರ ಮೊದಲ ಸಮ್ಮೇಳನದಲ್ಲಿ ಮಕ್ಕಳ ಸಾಹಿತ್ಯದ ಬಗ್ಗೆಯೇ ಪ್ರತ್ಯೇಕ ವರದಿ ಮಂಡಿಸಿದ ಮಾರ್ಷಾಕ್. ಚಿಕ್ಕವರಿಗೆ ದೊಡ್ಡ ಸಾಹಿತ್ಯ ಬೇಕು ಅನ್ನುವುದು ಅವನ ವಾದ. ಅದು ಬರೀ ಭಾಷಣವಾಗಿರಲಿಲ್ಲ, ಹತ್ತು ವರ್ಷ ಮಾಡಿ ತೋರಿಸಿದ್ದ.

ಅದರ ಖರ್ಚು ಕೊಟ್ಟದ್ದು ಸರ್ಕಾರವೇ. ಇದನ್ನೂ ಹೇಳಬೇಕು. ತೆಳು ಕಾಗದ, ಎಂಟು ಹತ್ತು ಪುಟ, ಪಿನ್ನು ಹೊಡೆದ ಪುಸ್ತಕ, ಕೆಲವು ಕೊಪೆಕ್ ಬೆಲೆ, ಲಕ್ಷದ ಲೆಕ್ಕದಲ್ಲಿ ಪ್ರತಿಗಳು. ಅಷ್ಟು ಅಗ್ಗದ ಪುಸ್ತಕಕ್ಕೆ ಅಷ್ಟು ಒಳ್ಳೆಯ ಕಲಾವಿದರು ಕೆಲಸ ಮಾಡಿದ್ದು ಬೇರೆಲ್ಲೂ ಕಡಿಮೆ. ಕೊಟ್ಟ ಕೈಯೇ ಆಮೇಲೆ ಕತ್ತು ಹಿಡಿಯಿತು. ಅಪ್ಪನ ಮೇಲೆ ದೂರು ಕೊಟ್ಟ ಹುಡುಗ ಎಂದು ಪಾವ್ಲಿಕ್ ಮೊರೊಜೊವ್‌ನನ್ನು ಮಕ್ಕಳಿಗೆ ಆದರ್ಶವಾಗಿ ತೋರಿಸಿದ್ದೂ ಇದೇ ವ್ಯವಸ್ಥೆ.

1936ರ ಮಾರ್ಚ್ 1ರಂದು ಪ್ರಾವ್ದಾದಲ್ಲಿ ಇನ್ನೊಂದು ಲೇಖನ. ಈ ಸಲ ಗುರಿ ಲೆಬೆದೆವ್. ಪುಸ್ತಕಕ್ಕೆ ಮಸಿ ಬಳಿಯುವ ಚಿತ್ರಕಾರರು ಅನ್ನುವ ಅರ್ಥದ ತಲೆಬರಹ. ಅಲ್ಲಿಂದಾಚೆಗೆ ಅವನ ಚಿತ್ರಗಳು ಬದಲಾದವು. ಮೊದಲಿನ ಪುಸ್ತಕಗಳಲ್ಲಿ ಖಾಲಿ ಬಿಳಿ ಹಾಳೆಯ ಮೇಲೆ ನಾಲ್ಕು ಬಣ್ಣದ ತುಂಡುಗಳಲ್ಲಿ ಸರ್ಕಸ್ಸಿನವನೊಬ್ಬ ಎದ್ದು ನಿಲ್ಲುತ್ತಿದ್ದ. ಆಮೇಲಿನವು ಮೆತ್ತಗೆ, ಉರುಟುರುಟಾಗಿ, ಫೋಟೋದ ಹಾಗೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಗುವಿಗೂ ವ್ಯತ್ಯಾಸ ತಿಳಿಯುತ್ತದೆ. ಅದಕ್ಕೇ ಚಿತ್ರದ ಜೊತೆ ವರ್ಷ ಹಾಕಿ ಅನ್ನುತ್ತಿರುವುದು.

1937ರಲ್ಲಿ ಆ ಮಹಡಿಯೇ ಖಾಲಿಯಾಯಿತು. ಸಂಪಾದಕರು ಕೆಲವರು ಜೈಲಿಗೆ, ಕೆಲವರು ಮನೆಗೆ. ಮಕ್ಕಳ ಪತ್ರಿಕೆ ನಡೆಸಿ ಎಲ್ಲರನ್ನೂ ನಗಿಸುತ್ತಿದ್ದ ನಿಕೊಲಾಯ್ ಒಲೈನಿಕೊವ್‌ಗೆ ನವೆಂಬರಿನಲ್ಲಿ ಗುಂಡು. ಮಾರ್ಷಾಕ್ ಮಾಸ್ಕೋಗೆ ಹೊರಟುಹೋಗಿ ಬದುಕಿಕೊಂಡ.

ಮತ್ವೆಯ್ ಬ್ರಾನ್‌ಸ್ಟೈನ್ ಹೆಸರು ಕೇಳಿದ್ದೀರಾ? ಭೌತವಿಜ್ಞಾನಿ, ಇನ್ನೊಬ್ಬ ಭೌತವಿಜ್ಞಾನಿ ಲೆವ್ ಲಂಡಾವುನ ಗೆಳೆಯ. ಇವನನ್ನೂ ಮಕ್ಕಳ ಪುಸ್ತಕ ಬರೆಯುವುದಕ್ಕೆ ಎಳೆದು ತಂದರು. ತಿದ್ದಿದವಳು ಚುಕೋವ್ಸ್ಕಿಯ ಮಗಳು ಲಿದಿಯಾ, ಅಲ್ಲೇ ಸಂಪಾದಕಿ. ಆಮೇಲೆ ಅವನ ಹೆಂಡತಿ. ಮೊದಲ ಪುಸ್ತಕ ‘ಸೂರ್ಯನ ವಸ್ತು’, ಹೀಲಿಯಂ ಸಿಕ್ಕಿದ ಕಥೆ. 1868ರ ಸೂರ್ಯಗ್ರಹಣ ನೋಡಲು ಫ್ರಾನ್ಸಿನ ಜಾನ್ಸೆನ್ ನಮ್ಮ ಗುಂಟೂರಿಗೆ ಬಂದಿದ್ದನಲ್ಲ, ಆ ಕಥೆ. ಭೂಮಿಯ ಮೇಲೆ ಯಾರೂ ಕಾಣದ ಧಾತು ಸೂರ್ಯನ ಬೆಳಕಿನಲ್ಲಿ ಒಂದು ಗೆರೆಯಾಗಿ ಕಂಡದ್ದನ್ನು ಬ್ರಾನ್‌ಸ್ಟೈನ್ ಪತ್ತೇದಾರಿ ಕಥೆಯ ಹಾಗೆ ಹೇಳುತ್ತಾನೆ. 1937ರ ಆಗಸ್ಟಿನಲ್ಲಿ ಅವನನ್ನು ಹಿಡಿದರು. 1938ರ ಫೆಬ್ರವರಿ 18ರಂದು ಗುಂಡಿಕ್ಕಿದರು. 31 ವರ್ಷ. ಲಿದಿಯಾಗೆ ಹೇಳಿದ್ದು ಬೇರೆ: ಹತ್ತು ವರ್ಷ ಶಿಕ್ಷೆ, ಪತ್ರ ಬರೆಯುವ ಹಾಗಿಲ್ಲ. ರೇಡಿಯೋ ಬಗ್ಗೆ ಬರೆದಿದ್ದ ಇನ್ನೊಂದು ಪುಸ್ತಕ ಆಗ ಹೊರಗೇ ಬರಲಿಲ್ಲ. ಮೊದಲ ಪುಸ್ತಕ 1959ರಲ್ಲಿ ಲಂಡಾವು ಮುನ್ನುಡಿಯೊಂದಿಗೆ ಮತ್ತೆ ಅಚ್ಚಾಯಿತು, ಲೇಖಕನ ಹೆಸರಿನ ಸಮೇತ. ಅದಕ್ಕಾಗಿ ಲಿದಿಯಾ ಎಷ್ಟು ಅಲೆದಿರಬೇಕು, ಊಹಿಸಿ.

ಇನ್ನು ದಾನಿಯಿಲ್ ಖಾರ್ಮ್ಸ್. ನನಗೆ ಎಲ್ಲರಿಗಿಂತ ಇಷ್ಟ. ಮಕ್ಕಳನ್ನು ಕಂಡರೆ ಆಗುವುದಿಲ್ಲ ಅನ್ನುತ್ತಿದ್ದ. ಆದರೆ ವೇದಿಕೆ ಹತ್ತಿದರೆ ಮಕ್ಕಳು ಅವನನ್ನು ಬಿಡುತ್ತಿರಲಿಲ್ಲ. ‘ಇವಾನ್ ಇವಾನಿಚ್ ಸಮೊವಾರ್’ ಅಂತ ಅವನದೊಂದು ಪದ್ಯ. ಡೊಳ್ಳುಹೊಟ್ಟೆಯ ಚಹಾ ಪಾತ್ರೆಯೇ ನಾಯಕ. ಮನೆಯವರು ಒಬ್ಬೊಬ್ಬರಾಗಿ ಬಂದು ಚಹಾ ಬಗ್ಗಿಸಿಕೊಳ್ಳುತ್ತಾರೆ. ತಡವಾಗಿ ಎದ್ದ ಸೆರ್ಯೋಝಾ ಬರುವಷ್ಟರಲ್ಲಿ ಖಾಲಿ. ಇಷ್ಟೇ. 1931ರ ಕೊನೆಗೆ ಅವನನ್ನೂ ಗೆಳೆಯ ಅಲೆಕ್ಸಾಂದ್ರ್ ವ್ವೆದೆನ್‌ಸ್ಕಿಯನ್ನೂ ಹಿಡಿದರು. ಮಕ್ಕಳ ಸಾಹಿತ್ಯದಲ್ಲಿ ಸೋವಿಯತ್ ವಿರೋಧಿ ಗುಂಪು ಕಟ್ಟಿದ್ದಾರೆ ಅನ್ನುವುದು ಆರೋಪ. ಅರ್ಥವಿಲ್ಲದ ಪದ್ಯ ಬರೆದದ್ದೂ ಅಪರಾಧದ ಭಾಗ! ಗಡಿಪಾರಾಗಿ ಕೂರ್ಸ್ಕ್‌ನಲ್ಲಿ ಕೆಲ ತಿಂಗಳು ಕಳೆದು ಬಂದ.

1937ರಲ್ಲಿ ‘ಚಿಝ್’ ಎಂಬ ಮಕ್ಕಳ ಪತ್ರಿಕೆಯಲ್ಲಿ ಅವನ ಒಂದು ಪುಟ್ಟ ಪದ್ಯ ಬಂತು. ಒಬ್ಬ ಮನುಷ್ಯ ದೊಣ್ಣೆ, ಚೀಲ ಹಿಡಿದು ಮನೆಯಿಂದ ಹೊರಟ. ನೇರ ನಡೆದ, ನಿದ್ದೆ ಮಾಡಲಿಲ್ಲ, ಊಟ ಮಾಡಲಿಲ್ಲ. ಒಂದು ಬೆಳಗ್ಗೆ ಕತ್ತಲೆಯ ಕಾಡು ಹೊಕ್ಕ. ಆಮೇಲೆ ಕಾಣಲಿಲ್ಲ. ನಿಮಗೇನಾದರೂ ಸಿಕ್ಕಿದರೆ ಬೇಗ ನಮಗೆ ಹೇಳಿ. ಜನ ರಾತ್ರೋರಾತ್ರಿ ಕಾಣೆಯಾಗುತ್ತಿದ್ದ ವರ್ಷ ಅದು. ಇದಾದ ಮೇಲೆ ಸುಮಾರು ಒಂದು ವರ್ಷ ಅವನ ಬರಹ ಯಾರೂ ಅಚ್ಚು ಹಾಕಲಿಲ್ಲ. ಹೊಟ್ಟೆಗಿಲ್ಲದ ದಿನಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದಾನೆ. 1941ರ ಆಗಸ್ಟಿನಲ್ಲಿ ಮತ್ತೆ ಹಿಡಿದರು. 1942ರ ಫೆಬ್ರವರಿ 2ರಂದು ಲೆನಿನ್‌ಗ್ರಾಡ್ ಜೈಲಿನ ಮಾನಸಿಕ ರೋಗಿಗಳ ವಿಭಾಗದಲ್ಲಿ ಹಸಿವಿನಿಂದ ಸತ್ತ. ಬಿಲಿಬಿನ್ ಸತ್ತದ್ದು ಐದು ದಿನ ಬಿಟ್ಟು, ಅದೇ ಊರಲ್ಲಿ, ಅದೇ ಹಸಿವಿನಿಂದ. ಒಬ್ಬ ಹಳೇ ಕಥೆಗೆ ಚಿತ್ರ ಬರೆದವನು, ಇನ್ನೊಬ್ಬ ಹೊಸ ಪದ್ಯ ಕಟ್ಟಿದವನು. ಖಾರ್ಮ್ಸ್ ಬರೆದದ್ದು ಉಳಿದದ್ದು ಯಾಕೋವ್ ದ್ರುಸ್ಕಿನ್ ಎಂಬ ಗೆಳೆಯನಿಂದ. ಮುತ್ತಿಗೆಯ ನಡುವೆ, ತನಗೇ ನಡೆಯಲು ತ್ರಾಣವಿಲ್ಲದಾಗ, ಬಾಂಬ್ ಬಿದ್ದು ಹಾಳಾದ ಮನೆಗೆ ಹೋಗಿ ಹಸ್ತಪ್ರತಿಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದ. ಮಕ್ಕಳಿಗೆ ಖಾರ್ಮ್ಸ್ ಮತ್ತೆ ಸಿಕ್ಕಿದ್ದು 1962ರಲ್ಲಿ.

ಇದನ್ನೆಲ್ಲ ಮಕ್ಕಳಿಗೆ ಹೇಳಬೇಕಾ ಅಂತ ನೀವು ಕೇಳುತ್ತೀರಿ. ಐದು ವರ್ಷದ ಮಗುವಿಗೆ ಬೇಡ. ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಓದಿ ಹೇಳುವ ಅಪ್ಪ ಅಮ್ಮನಿಗೆ ಅಂತ ಹಾಕಿ. ಹತ್ತು ವರ್ಷಕ್ಕೆ ಮಗು ತಾನೇ ಆ ಪುಟ ಓದುತ್ತದೆ. ಕೊನೆಯ ಪುಟ ಓದದ ಮಕ್ಕಳು ಯಾರಿದ್ದಾರೆ?

ಸ್ಟಾಲಿನ್ ಹೋದ ಮೇಲೆ ಕಥೆ ಸ್ವಲ್ಪ ಬೇರೆ. ದೊಡ್ಡವರಿಗೆ ಬರೆಯಲು ಬಿಡದವರು ಮಕ್ಕಳ ಪುಸ್ತಕದಲ್ಲಿ ಅನ್ನ ಕಂಡುಕೊಂಡರು. ಮುಂದೆ ಜಗತ್ತಿಗೇ ಹೆಸರಾದ ಕಲಾವಿದ ಇಲ್ಯಾ ಕಬಕೊವ್ ದಶಕಗಟ್ಟಲೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಸಂಸಾರ ನಡೆಸಿದ. ಕವಿ ಜೋಸೆಫ್ ಬ್ರಾಡ್‌ಸ್ಕಿಯ ಪದ್ಯ 1962ರಲ್ಲಿ ಮೊದಲು ಬಂದದ್ದು ‘ಕೊಸ್ತ್ಯೋರ್’ ಎಂಬ ಮಕ್ಕಳ ಪತ್ರಿಕೆಯಲ್ಲಿ, ಬಂದರಿನ ಒಂದು ಪುಟ್ಟ ಹಡಗಿನ ಬಗ್ಗೆ. 1966ರಲ್ಲಿ ಎದುವಾರ್ದ್ ಉಸ್ಪೆನ್‌ಸ್ಕಿ ಇನ್ನೊಂದು ಮೊಸಳೆ ತಂದ. ಅವನ ಗೇನಾ ಮೃಗಾಲಯದಲ್ಲಿ ಮೊಸಳೆಯಾಗಿ ಕೆಲಸ ಮಾಡುತ್ತಾನೆ, ಸಂಜೆ ಡ್ಯೂಟಿ ಮುಗಿಸಿ ಮನೆಗೆ ಬಂದರೆ ಒಂಟಿ. ಕೊನೆಗೆ ಗೆಳೆಯರು ಬೇಕಾಗಿದ್ದಾರೆ ಅಂತ ಜಾಹೀರಾತು ಅಂಟಿಸುತ್ತಾನೆ. ದೊಡ್ಡ ಕಿವಿಯ ಚೆಬುರಾಶ್ಕಾ ಸಿಗುವುದು ಹಾಗೆ.

ಮಕ್ಕಳ ಪುಸ್ತಕಕ್ಕೆ ಆಕ್ಷೇಪ ಎತ್ತುವ ಆ ಬುದ್ಧಿ ಎಲ್ಲೂ ಹೋಗಿಲ್ಲ. 2012ರ ಸೆಪ್ಟೆಂಬರಿನಿಂದ ರಷ್ಯಾದಲ್ಲಿ ಪ್ರತಿ ಮಕ್ಕಳ ಪುಸ್ತಕದ ಮೇಲೆ 0+, 6+, 12+ ಅಂತ ವಯಸ್ಸಿನ ಗುರುತು ಹಾಕಬೇಕು. ಮಕ್ಕಳನ್ನು ಹಾನಿಕರ ಮಾಹಿತಿಯಿಂದ ಕಾಪಾಡುವ ಕಾಯಿದೆ ಅಂತ ಅದರ ಹೆಸರು. ಆಮೇಲೆ ಬಂದ ಕಾಯಿದೆಗಳು ಇನ್ನೂ ಬಿಗಿ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಪ್ರತಿ ಕಥೆಯ ತಲೆಯ ಮೇಲೆ ಬರೆದವರ ಹೆಸರು, ಚಿತ್ರ ಬರೆದವರ ಹೆಸರು, ಮೊದಲು ಬಂದ ವರ್ಷ ಹಾಕಿ. ಜನಪದ ಕಥೆಯಾದರೆ ಯಾವ ಜನರದ್ದು, ಯಾರು ಸಂಗ್ರಹಿಸಿದ್ದು ಅಂತ ಹಾಕಿ. ಇಂಗ್ಲಿಷ್‌ನಿಂದ ತಂದದ್ದಾದರೆ ಹಾಗಂತಲೇ ಬರೆಯಿರಿ, ನಾಚಿಕೆ ಏನಿಲ್ಲ. ಬರೆಯದ ನೀತಿಯನ್ನು ಸೇರಿಸಬೇಡಿ. ಆಮೇಲೆ, ದಯವಿಟ್ಟು, ಆ ಹುಚ್ಚು ಪದ್ಯಗಳನ್ನೂ ತನ್ನಿ. ‘ನಾಯಿಮರಿ’ಗೆ ತಿಂಡಿ ಬೇಕಾ ಅಂತ ಕೇಳಿದ ಜಿ.ಪಿ. ರಾಜರತ್ನಂ ಅವರ ಭಾಷೆ ಇದು. ಸಮೊವಾರ್ ಪದ್ಯ ಇದರಲ್ಲಿ ಕೂರುತ್ತದೆ.

ಎಲ್ಲಿಂದ ಶುರು ಮಾಡುವುದು ಅಂದರೆ ಒಂದು ಸಲಹೆ ಕೊಡುತ್ತೇನೆ. ಮಾರ್ಷಾಕನ ‘ಅಂಚೆ’, 1927ರದ್ದು. ಚಿತ್ರ ಮಿಖಾಯಿಲ್ ತ್ಸೆಖಾನೊವ್‌ಸ್ಕಿಯದ್ದು. ರೊಸ್ತೊವ್‌ನಿಂದ ಝಿತ್ಕೊವ್‌ಗೆ ಒಂದು ರಿಜಿಸ್ಟರ್ಡ್ ಪತ್ರ ಬರುತ್ತದೆ. ಹೌದು, ಅದೇ ಬೊರಿಸ್ ಝಿತ್ಕೊವ್. ಲೆನಿನ್‌ಗ್ರಾಡ್ ಅಂಚೆಯವನು, ಹಿತ್ತಾಳೆ ಬಿಲ್ಲೆಯಲ್ಲಿ 5ನೇ ನಂಬರು, ಬಾಗಿಲು ತಟ್ಟುತ್ತಾನೆ. ಝಿತ್ಕೊವ್ ಬರ್ಲಿನ್‌ಗೆ ಹೋಗಿಬಿಟ್ಟಿದ್ದಾನೆ. ಪತ್ರ ಬರ್ಲಿನ್‌ಗೆ ಹೊರಡುತ್ತದೆ. ಅಲ್ಲಿಂದ ಲಂಡನ್‌ಗೆ, ಅಲ್ಲಿ ಸ್ಮಿತ್ ಎಂಬ ಅಂಚೆಯವನು. ಆಮೇಲೆ ಬ್ರೆಜಿಲ್‌ಗೆ, ಅಲ್ಲಿ ಬಸಿಲಿಯೊ. ಎಲ್ಲಿ ಹೋದರೂ ಝಿತ್ಕೊವ್ ಒಂದು ಹೆಜ್ಜೆ ಮುಂದೆ. ಕೊನೆಗೆ ಮನುಷ್ಯ, ಪತ್ರ ಇಬ್ಬರೂ ಮನೆಯಲ್ಲೇ ಭೇಟಿಯಾಗುತ್ತಾರೆ. ಒಬ್ಬೊಬ್ಬ ಅಂಚೆಯವನ ಪದ್ಯದ ನಡಿಗೆಯೂ ಬೇರೆ, ಚಿತ್ರದಲ್ಲಿ ಸಮವಸ್ತ್ರವೂ ಬೇರೆ. 1929ರಲ್ಲಿ ತ್ಸೆಖಾನೊವ್‌ಸ್ಕಿ ಇದನ್ನೇ ಕಾರ್ಟೂನ್ ಚಿತ್ರವನ್ನಾಗಿಯೂ ಮಾಡಿದ.

ಹಕ್ಕಿನ ತೊಡಕು ದೊಡ್ಡದಲ್ಲ. ನಮ್ಮ ದೇಶದ ಕಾಯಿದೆಯಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಮಾರ್ಷಾಕ್ ತೀರಿಕೊಂಡದ್ದು 1964ರಲ್ಲಿ, ಹಾಗಾಗಿ 2024ರ ಕೊನೆಯವರೆಗೆ. ತ್ಸೆಖಾನೊವ್‌ಸ್ಕಿ 1965ರಲ್ಲಿ, 2025ರ ಕೊನೆಯವರೆಗೆ. ಬಿಲಿಬಿನ್ ಚಿತ್ರಗಳ ಅವಧಿ ಯಾವತ್ತೋ ಮುಗಿದಿದೆ. ಚುಕೋವ್ಸ್ಕಿ 1969ರಲ್ಲಿ ಹೋದವನು, ಅವನಿಗೆ 2029ರ ಕೊನೆಯವರೆಗೆ ಕಾಯಬೇಕು, ಇಲ್ಲವೇ ವಾರಸುದಾರರಿಗೆ ಪತ್ರ ಬರೆಯಬೇಕು. ಪದ್ಯವನ್ನು ಪದ್ಯವಾಗಿಯೇ ತರಬಲ್ಲ, ರಷ್ಯನ್ ಓದಬಲ್ಲ ಕವಿಯೊಬ್ಬರನ್ನು ಹುಡುಕಿ, ಅವರಿಗೆ ಸರಿಯಾದ ಸಂಭಾವನೆ ಕೊಡಿ. ಮೊದಲ ಪ್ರತಿ ಬಂದ ದಿನ ನಾನು ಕೊಳ್ಳುತ್ತೇನೆ. ಮುಖಪುಟದ ಮೇಲೆ ಎರಡೂ ಹೆಸರು ಇದ್ದರೆ.

ಇಂತಿ,
ನಿಮ್ಮ ಪುಸ್ತಕಗಳ ಒಬ್ಬ ಓದುಗ